ಎಡೆದೊರೆ ನಾಡಿಗೆ ಚಿತ್ರಪುಸ್ತಕ ಬಂದ ದಾರಿ

ರಾಯಚೂರಿನ ಕೋಟೆಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಒಂದು ಕಲ್ಲಿದೆ. ಕಾಕತೀಯರ ಸಾಮಂತನಾಗಿದ್ದ ಗೊರೆ ಗಂಗಯ್ಯರೆಡ್ಡಿಯ ಕಾಲದಲ್ಲಿ, ಕ್ರಿ.ಶ. 1294ರಲ್ಲಿ, ವಿಠ್ಠಲನಾಥನೆಂಬ ಅಧಿಕಾರಿ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಆ ಅಕ್ಷರಗಳನ್ನು ಓದಬಲ್ಲವರು ಇಂದು ಶಾಸನ ಪಂಡಿತರು ಮಾತ್ರ. ಆದರೆ ಅದೇ ಗೋಡೆಯಲ್ಲಿ ಒಂದು ಚಿತ್ರವನ್ನೂ ಕೆತ್ತಿದ್ದಾರೆ. ಉದ್ದನೆಯ ಬಂಡಿ, ಬಂಡಿಯ ಮೇಲೆ ಆ ಮಹಾಶಿಲೆ, ಅದನ್ನೆಳೆಯಲು ಹೂಡಿದ ಕೋಣಗಳ ಸಾಲು. ಇಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಏಳು ಶತಮಾನಗಳಿಂದ ಈ ಚಿತ್ರವೇ ಉತ್ತರ ಕೊಡುತ್ತಿದೆ. ಒಂದಕ್ಷರವೂ ಬಾರದ ನಾಲ್ಕು ವರ್ಷದ ಮಗು ಅಪ್ಪನ ಹೆಗಲ ಮೇಲೆ ಕೂತು ಇದನ್ನು ನೋಡಿದರೂ ಸಾಕು, ಕಥೆ ಅದಕ್ಕೆ ತಿಳಿದುಬಿಡುತ್ತದೆ. ಕೋಣ ಎಷ್ಟು ಎಂದು ಎಣಿಸಲು ಅದು ತಾನಾಗಿಯೇ ತೊಡಗುತ್ತದೆ.

ಮಕ್ಕಳ ಚಿತ್ರಪುಸ್ತಕ ಮಾಡಬೇಕಾದ ಕೆಲಸವೂ ಇಷ್ಟೇ. ನೋಡಿಸಬೇಕು, ಕೇಳಿಸಬೇಕು, ಎಣಿಸುವಂತೆ ಮಾಡಬೇಕು. ಹೀಗಿದ್ದೂ ಕಲ್ಲಿನ ಮೇಲೆ ಇಷ್ಟು ಹಿಂದೆಯೇ ಚಿತ್ರಕಥೆ ಕಂಡ ಈ ನಾಡಿನ ಮಕ್ಕಳ ಕೈಗೆ ಕಾಗದದ ಚಿತ್ರಕಥೆ ಬಂದದ್ದು ಬಹಳ ತಡವಾಗಿ. ಅದು ಯಾಕೆ ತಡವಾಯಿತು, ಬಂದ ಮೇಲೆ ಯಾವ ರೂಪದಲ್ಲಿ ಬಂತು ಎಂಬುದನ್ನು ತಿಳಿದುಕೊಂಡರೆ, ಇಂದು ಅಂಗಡಿಯಲ್ಲಿ ರಾಶಿಬಿದ್ದಿರುವ ಬಣ್ಣದ ಪುಸ್ತಕಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೂ ಉತ್ತರ ಸಿಕ್ಕೀತು.

ಕಿವಿಯ ನಾಡು

ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು ಮೂಲತಃ ಕಿವಿಯಿಂದ ಕಲಿತ ನಾಡು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇರುವುದು ಮಾನ್ವಿ ತಾಲೂಕಿನಲ್ಲಿ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಮಾನ್ವಿಯವರು. ಇವರ ಹಾಡುಗಳು ತಲೆಮಾರುಗಳನ್ನು ದಾಟಿ ಬಂದದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ. ಓದು ಬಾರದ ಹೆಣ್ಣುಮಕ್ಕಳೂ ನೂರಾರು ಪದಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ಮೊಹರಂ ಬಂದರೆ ರಿವಾಯತ್ ಪದ, ಸುಗ್ಗಿ ಬಂದರೆ ಹಂತಿ ಪದ.

ಕಣ್ಣಿಗೂ ಹಬ್ಬವಿಲ್ಲದಿರಲಿಲ್ಲ. ಕಿಳ್ಳೇಕ್ಯಾತರು ಊರೂರಿಗೆ ಬಂದು ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ತೊಗಲು ಗೊಂಬೆಗಳಿಂದ ರಾಮಾಯಣ ಮಹಾಭಾರತ ಆಡಿಸುತ್ತಿದ್ದರು. ಬಣ್ಣದ ಆಕೃತಿ, ಅದರೊಂದಿಗೆ ಮಾತು, ನಡುನಡುವೆ ನಗೆ. ಆ ಪರದೆಯೇ ಅಂದಿನ ಮಕ್ಕಳ ಚಿತ್ರಪುಸ್ತಕ ಎಂದರೆ ತಪ್ಪಲ್ಲ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂತು.

ಇನ್ನು ಕೈಗೆ ಕೆಲಸ ಕೊಡುವ ಚಟುವಟಿಕೆಯ ಮಾತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣು ಕಲಸಿ ಎತ್ತು ಮಾಡುತ್ತಾರೆ. ಕೊಂಬು ಎಷ್ಟು ಉದ್ದವಿರಬೇಕು, ಕಾಲು ಎಷ್ಟು ದಪ್ಪವಿದ್ದರೆ ಎತ್ತು ಬೀಳದೆ ನಿಲ್ಲುತ್ತದೆ ಎಂಬ ಲೆಕ್ಕವನ್ನು ಬೆರಳುಗಳೇ ಕಲಿಯುತ್ತವೆ. ಹುಣಸೆಬೀಜದ ಆಟದಲ್ಲಿ ಕೂಡುವುದು ಕಳೆಯುವುದು ಬರುತ್ತದೆ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಎಳೆಯ ಮಕ್ಕಳ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ನೂಲಿನ ಚೆಂಡು, ಮರದ ತುಂಡು, ಮಡಿಸುವ ಕಾಗದ, ಹೆಣೆಯುವ ಪಟ್ಟಿಗಳನ್ನು ಮಕ್ಕಳ ಮುಂದಿಟ್ಟ. ಇಂದಿನ ಎಲ್ಲ ಚಟುವಟಿಕೆ ಪುಸ್ತಕಗಳ ಅಜ್ಜ ಅವನೇ. ಆದರೆ ಅವನ ತತ್ವ ಎಡೆದೊರೆಯ ಅಂಗಳದಲ್ಲಿ ಹೆಸರಿಲ್ಲದೆ ಮೊದಲೇ ನಡೆಯುತ್ತಿತ್ತು.

ಇಲ್ಲಿ ಇಲ್ಲದೆ ಹೋದದ್ದು ಅಚ್ಚಾದ ಪುಸ್ತಕ ಒಂದೇ.

1934ರ ಅತಿಥಿ

ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಆಡಳಿತದ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆಯೂ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟು ಹೆಸರಾಯಿತು ನಿಜ. ಆದರೆ ಕನ್ನಡದ ಮಗುವಿಗೆ ಆ ಭಾಷೆ ಮನೆಯದಾಗಿರಲಿಲ್ಲ. ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಕನ್ನಡ ಶಾಲೆ, ಕನ್ನಡ ಪಠ್ಯ, ಕನ್ನಡ ಅಚ್ಚುಕೂಟ ಒಂದಕ್ಕೊಂದು ಆಸರೆಯಾಗಿ ಬೆಳೆಯುತ್ತಿದ್ದಾಗ, ಇಲ್ಲಿ ಐಗಳ ಮಠದ ಮರಳ ಮೇಲೆ ಅಕ್ಷರ ತಿದ್ದುವುದೇ ಬಹಳ ಮಕ್ಕಳ ಪಾಲಿನ ವಿದ್ಯೆಯಾಗಿತ್ತು. ಕೊಳ್ಳುವವರಿಲ್ಲದ ಕಡೆ ಮಕ್ಕಳ ಪುಸ್ತಕವನ್ನು ಯಾರು ತಂದಾರು?

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಪಂಡಿತ ತಾರಾನಾಥರು ಮುಖ್ಯರು. ಮಂಗಳೂರಿನಲ್ಲಿ ಹುಟ್ಟಿದ ಅವರು ರಾಯಚೂರಿಗೆ ಬಂದು ಹಮ್‌ದರ್ದ್ ಶಾಲೆ ಕಟ್ಟಿದರು. ಪರರ ನೋವಿಗೆ ಮಿಡಿಯುವವನು ಎಂಬ ಅರ್ಥದ ಉರ್ದು ಹೆಸರು, ಒಳಗೆ ಕನ್ನಡದ ಕಲಿಕೆ. ಆ ಕಾಲದ ರಾಯಚೂರಿನ ಸ್ವಭಾವಕ್ಕೆ ಈ ಹೆಸರೇ ಕನ್ನಡಿ.

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಅಧ್ಯಕ್ಷತೆ ವಹಿಸಿದವರು ಪಂಜೆ ಮಂಗೇಶರಾಯರು. ಮಹಾಕಾವ್ಯ ಬರೆದವರಲ್ಲ, ದೊಡ್ಡ ಕಾದಂಬರಿಕಾರರೂ ಅಲ್ಲ. ಶಾಲಾಮಾಸ್ತರರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದು, ಮಕ್ಕಳ ಹಾಡು ಮತ್ತು ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಗಂಭೀರ ಕೆಲಸವೆಂದು ಮಾಡಿ ತೋರಿಸಿದವರು. ಮಕ್ಕಳಿಗೆ ಕನ್ನಡ ಪುಸ್ತಕ ಅತ್ಯಂತ ವಿರಳವಾಗಿದ್ದ ಊರಿನಲ್ಲಿ, ಕನ್ನಡದ ಅತ್ಯುನ್ನತ ಗೌರವದ ಪೀಠದ ಮೇಲೆ ಮಕ್ಕಳ ಲೇಖಕರೊಬ್ಬರು ಕುಳಿತಿದ್ದರು. ರಾಯಚೂರಿನಲ್ಲಿ ಮುಂದೆ 1956ರಲ್ಲಿ ಶ್ರೀರಂಗರ ಅಧ್ಯಕ್ಷತೆಯಲ್ಲಿ, 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಮ್ಮೇಳನಗಳು ನಡೆದವು. ಆದರೂ ಮಕ್ಕಳ ಸಾಹಿತ್ಯದ ದೃಷ್ಟಿಯಿಂದ 1934ರ ನೆನಪಿಗೆ ಬೇರೆಯೇ ತೂಕವಿದೆ.

ಪಂಜೆಯವರ ಪ್ರಸಿದ್ಧ ಕಥೆಗಳಲ್ಲಿ ಒಂದು ‘ಸಿಗಡಿ ಯಾಕೆ ಒಣಗಲಿಲ್ಲ’. ಕರಾವಳಿಯ ಮಗುವಿಗೆ ಸಿಗಡಿ ಎಂದರೆ ಅಂಗಳದಲ್ಲಿ ಒಣಗಿಸುವ ಮೀನು. ದೇವದುರ್ಗದ ಮಗು ಅದನ್ನು ಕಂಡದ್ದಿಲ್ಲ. ಇಲ್ಲಿ ಅಂಗಳದಲ್ಲಿ ಒಣಗುವುದು ಮೆಣಸಿನಕಾಯಿ, ತೊಗರಿ, ಜೋಳದ ಹಪ್ಪಳ. ಇಂಥ ಕಡೆ ಚಿತ್ರ ಬೇಕಾಗುತ್ತದೆ. ಕಾಣದ್ದನ್ನು ಕಾಣಿಸುವ ಚಿತ್ರವಿದ್ದರೆ ಸಿಗಡಿಯ ಕಥೆ ಮಾನ್ವಿಯಲ್ಲೂ ನಗಿಸುತ್ತದೆ. ಚಿತ್ರವಿಲ್ಲದಿದ್ದರೆ ಮೊದಲ ಪದದಲ್ಲೇ ಮಗು ಎಡವುತ್ತದೆ.

ಚಿತ್ರ ಪಠ್ಯವಾದ ಕಥೆ

ಚಿತ್ರ ಮತ್ತು ಪದವನ್ನು ಒಂದೇ ಪುಟದಲ್ಲಿ ಜೋಡಿಸಿ ಮಕ್ಕಳಿಗೆಂದೇ ಮಾಡಿದ ಮೊದಲ ಹೆಸರಾಂತ ಪುಸ್ತಕ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಬರೆದವನು ಮೊರಾವಿಯಾದ ಕೊಮೆನಿಯಸ್ ಎಂಬ ಶಿಕ್ಷಕ. ಚಿತ್ರದಲ್ಲಿರುವ ಒಂದೊಂದು ವಸ್ತುವಿಗೂ ಒಂದು ಅಂಕೆ, ಅದೇ ಅಂಕೆಯ ಮುಂದೆ ಅದರ ಹೆಸರು. ಅಕ್ಷರ ಕಲಿಸಲು ಅವನು ಆರಿಸಿಕೊಂಡದ್ದು ಕಾಗೆ, ಕುರಿ ಮೊದಲಾದ ಪ್ರಾಣಿಪಕ್ಷಿಗಳ ಕೂಗನ್ನು. ಮಗು ಮೊದಲು ಕೇಳಿದ್ದನ್ನು ನೋಡಲಿ, ನೋಡಿದ್ದನ್ನು ಹೆಸರಿಸಲಿ, ಆಮೇಲೆ ಬರೆಯಲಿ ಎಂಬುದು ಅವನ ಕ್ರಮ. ಮೂರೂವರೆ ಶತಮಾನಗಳಾದರೂ ಇದಕ್ಕಿಂತ ಒಳ್ಳೆಯ ಕ್ರಮ ಸಿಕ್ಕಿಲ್ಲ.

ಕನ್ನಡದಲ್ಲಿ ಈ ದಾರಿಯನ್ನು ಹಲವರು ಅಗಲ ಮಾಡಿದರು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದು ಮಕ್ಕಳ ಕೈಗೆ ಚಿತ್ರಸಹಿತ ವಿಶ್ವಕೋಶ ಕೊಟ್ಟರು. ಜಿ.ಪಿ. ರಾಜರತ್ನಂ ಶಿಶುಗೀತೆಗಳನ್ನು ಮನೆಮಾತಾಗಿಸಿದರು. 1949ರ ಜುಲೈಯಲ್ಲಿ ಮದರಾಸಿನಿಂದ ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿತು. ಆಗಷ್ಟೇ ನಿಜಾಮರ ಆಡಳಿತ ಕಳೆದು ಒಂದು ವರ್ಷವೂ ಆಗಿರಲಿಲ್ಲ. ಈಗ ನಿಂತುಹೋಗಿರುವ ಆ ಮಾಸಪತ್ರಿಕೆ ಮುಂದೆ ಹಲವು ದಶಕ ಕನ್ನಡದ ಮಕ್ಕಳನ್ನು ಚಿತ್ರದ ಮೂಲಕ ಓದಿಗೆ ಎಳೆಯಿತು.

1957ರಲ್ಲಿ ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಸ್ಥಾಪನೆಯಾಯಿತು. ವ್ಯಂಗ್ಯಚಿತ್ರಕಾರ ಶಂಕರ್ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಆರಂಭಿಸಿದ್ದೂ ಅದೇ ವರ್ಷ. ನ್ಯಾಷನಲ್ ಬುಕ್ ಟ್ರಸ್ಟ್‌ನ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆ ಒಂದೇ ಬಗೆಯ ಚಿತ್ರಗಳನ್ನು ಹಲವು ಭಾಷೆಗಳಲ್ಲಿ ಅಚ್ಚುಮಾಡಿ ಬೆಲೆಯನ್ನು ಕೆಳಗಿಳಿಸಿತು. ಚಿತ್ರದ ಖರ್ಚು ಹಂಚಿಹೋದಾಗ ಸಣ್ಣ ಭಾಷೆಗೂ ಬಣ್ಣದ ಪುಸ್ತಕ ಸಾಧ್ಯ ಎಂಬುದು ಆ ಮಾಲೆ ಕಲಿಸಿದ ಪಾಠ. ಮಾಸ್ಕೋದ ರಾದುಗಾ ಪ್ರಕಾಶನದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳ ಮೂಲಕ ಬಂದವು. ದೊಡ್ಡ ಪುಟ, ಗಟ್ಟಿ ಕಾಗದ, ಹಿಮ, ಕರಡಿ, ತುಪ್ಪಳದ ಟೋಪಿ, ಎಲ್ಲವೂ ಕೈಗೆಟುಕುವ ಬೆಲೆಗೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಹರಿವು ಬತ್ತಿತು.

ಅಮರ ಚಿತ್ರ ಕಥೆಯ ಹುಟ್ಟಿನಲ್ಲಿಯೂ ಕನ್ನಡದ ಪಾಲಿದೆ ಎಂಬುದು ಹೆಚ್ಚು ಜನರಿಗೆ ತಿಳಿಯದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಮಾರಾಟ ಪ್ರತಿನಿಧಿ ಜಿ.ಕೆ. ಅನಂತರಾಮ್ ಅವರ ಒತ್ತಾಯದಿಂದ 1960ರ ದಶಕದ ಮಧ್ಯದಲ್ಲಿ ಮಾಲೆಯ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದವು. ಅವು ಸಿಂಡರೆಲಾದಂಥ ಪಾಶ್ಚಾತ್ಯ ಕಥೆಗಳು. ಅನಂತ ಪೈ ಅವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಾಗಿ ಬಂದದ್ದು ಆಮೇಲೆ.

ಇಷ್ಟೆಲ್ಲ ನಡೆದರೂ ಇದರಲ್ಲಿ ಎಷ್ಟು ಎಡೆದೊರೆಗೆ ತಲುಪಿತು? ರಾಯಚೂರು ನಗರಕ್ಕೆ ರೈಲಿತ್ತು, ಪುಸ್ತಕದಂಗಡಿ ಇತ್ತು. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಗೆ ಪಾಟಿ ಮತ್ತು ಬಳಪ ಹೋದಷ್ಟು ಸಲೀಸಾಗಿ ಪುಸ್ತಕ ಹೋಗಲಿಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಈ ಎರಡನ್ನೂ ಸೇರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ರಾಯಚೂರು ಜಿಲ್ಲೆಯದು ಶೇ. 59.56. ಜಿಲ್ಲೆಯ ಮಹಿಳೆಯರಲ್ಲಿ ಅದು ಶೇ. 48.73. ಅಂದರೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಓದು ಬರುತ್ತಿರಲಿಲ್ಲ.

ಓದು ಬಾರದ ತಾಯಿಯ ಪುಸ್ತಕ

ಈ ಅಂಕಿಯೇ ಇಲ್ಲಿನ ಚಿತ್ರಪುಸ್ತಕದ ಪ್ರಶ್ನೆಯನ್ನು ಬೇರೆ ಮಾಡುತ್ತದೆ. ಓದು ಬಲ್ಲವರ ಮನೆಯಲ್ಲಿ ಚಿತ್ರಪುಸ್ತಕ ಹಲವು ಪುಸ್ತಕಗಳಲ್ಲಿ ಒಂದು. ಅಕ್ಷರ ಬಾರದ ತಾಯಿಯೋ ಅಜ್ಜಿಯೋ ಮಗುವನ್ನು ಹಗಲಿಡೀ ನೋಡಿಕೊಳ್ಳುವ ಮನೆಯಲ್ಲಿ, ಆಕೆ ಮಗುವಿನೊಂದಿಗೆ ಸರಿಸಮಳಾಗಿ ಕೂತು ತೆರೆಯಬಹುದಾದ ಒಂದೇ ಪುಸ್ತಕ ಅದು. ಪಠ್ಯಪುಸ್ತಕ ಆಕೆಯನ್ನು ಹೊರಗಿಡುತ್ತದೆ. ಚಿತ್ರ ಒಳಗೆ ಕರೆಯುತ್ತದೆ. ‘ಈ ಆಕಳ ಎಲ್ಲಿಗೆ ಹೊಂಟೈತಿ?’ ಎಂದು ಆಕೆ ಕೇಳಿದರೆ ಮಗು ಉತ್ತರ ಹುಡುಕುತ್ತದೆ. ಅಲ್ಲಿಗೆ ಓದು ಶುರುವಾಯಿತು. ಇಂದಿನ ಎಳೆಯ ತಾಯಂದಿರಲ್ಲಿ ಶಾಲೆ ಕಂಡವರು ಹೆಚ್ಚಿದ್ದಾರೆ. ಆದರೆ ಗುಳೆ ಹೋದ ಮಗ ಸೊಸೆಯ ಮಕ್ಕಳನ್ನು ಊರಲ್ಲಿ ಸಾಕುತ್ತಿರುವ ಅಜ್ಜಿಯರಿಗೆ ಈ ಮಾತು ಇಂದಿಗೂ ಅನ್ವಯಿಸುತ್ತದೆ.

ಸರ್ಕಾರಿ ಶಾಲೆಗಳೂ ಇದನ್ನು ನಿಧಾನವಾಗಿ ಕಂಡುಕೊಂಡವು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ರಾಜ್ಯದಲ್ಲಿ ಮೊದಲ ಹಂತಕ್ಕೆ ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಚಿತ್ರದ ಕಾರ್ಡು, ಆಟ, ಹಾಡುಗಳ ಮೂಲಕ ಕಲಿಸುವ ಪದ್ಧತಿಯನ್ನು ರೂಢಿಸಿತು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಅಂಗನವಾಡಿಗಳಿಗೆ ‘ಚಿಲಿಪಿಲಿ’ ಬಂತು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಂದಿತು. 2015ರಲ್ಲಿ ಅದು ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಅಂಥ ಕಥೆಗಳನ್ನು ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಕನ್ನಡ, ತೆಲುಗು, ಉರ್ದು ಮೂರೂ ಅಕ್ಕಪಕ್ಕದ ಮನೆಗಳಲ್ಲಿ ಕೇಳಿಸುವ ರಾಯಚೂರಿನಂಥ ಊರಿಗೆ ಒಂದೇ ಚಿತ್ರ ಮೂರು ಭಾಷೆಯಲ್ಲಿ ಸಿಗುವುದು ಸಣ್ಣ ಸಂಗತಿಯಲ್ಲ.

ಯಾವುದನ್ನು ಆರಿಸಬೇಕು?

ಮೊದಲು ಕೊರತೆ ಇತ್ತು, ಈಗ ಗೊಂದಲವಿದೆ. ಬಸ್ ನಿಲ್ದಾಣದ ಅಂಗಡಿಯಲ್ಲೂ ಮಿರಿಮಿರಿ ಮಿಂಚುವ ‘ಆಡಿ ಕಲಿ’ ಪುಸ್ತಕಗಳು ತೂಗುತ್ತವೆ. ಮೇಲಿನ ಚರಿತ್ರೆಯಿಂದ ಆಯ್ಕೆಗೆ ಕೆಲವು ಅಳತೆಗೋಲುಗಳು ಸಿಗುತ್ತವೆ.

ಮೊದಲನೆಯದು, ಚಿತ್ರ ಏನಾದರೂ ನಡೆಯುವುದನ್ನು ತೋರಿಸುತ್ತದೆಯೇ ಎಂದು ನೋಡಬೇಕು. ಬಿಳಿ ಪುಟದ ನಡುವೆ ಒಂಟಿ ಸೇಬು, ಕೆಳಗೆ ‘ಸೇಬು’ ಎಂಬ ಪದ. ಇದು ಪಟ್ಟಿ, ಪುಸ್ತಕವಲ್ಲ. ಅದೇ ಸೇಬನ್ನು ಅಳಿಲೊಂದು ಕದ್ದು ಓಡುತ್ತಿದ್ದರೆ ಮಾತು ಹುಟ್ಟುತ್ತದೆ. ಕೋಟೆಗೋಡೆಯ ಕಲ್ಲು ಸುಮ್ಮನೆ ಬಿದ್ದಿಲ್ಲ, ಬಂಡಿಯ ಮೇಲೆ ಸಾಗುತ್ತಿದೆ. ಅದಕ್ಕೇ ಅದು ಕಥೆ.

ಎರಡನೆಯದು ಪದಗಳ ಲೆಕ್ಕ. ಎರಡು ಮೂರು ವರ್ಷದ ಮಗುವಿಗೆ ಪದವೇ ಇಲ್ಲದ ಅಥವಾ ಪುಟಕ್ಕೊಂದು ಪದವಿರುವ, ಹರಿಯದ ದಪ್ಪ ರಟ್ಟಿನ ಪುಸ್ತಕ ಸಾಕು. ನಾಲ್ಕೈದರ ಮಗುವಿಗೆ ಪುಟಕ್ಕೆ ಒಂದೆರಡು ಸಾಲು, ಮರಳಿ ಮರಳಿ ಬರುವ ಮಾತು. ಆರೇಳರ ಮಗುವಿಗೆ ನಾಲ್ಕೈದು ಸಾಲು. ಅಕ್ಷರ ದಪ್ಪವಾಗಿರಬೇಕು, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರಬಾರದು. ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಹರಿಸಿದ ಪುಟವನ್ನು ಹೊಸದಾಗಿ ಓದು ಕಲಿಯುವ ಕಣ್ಣು ಹಿಡಿಯಲಾರದು.

ಮೂರನೆಯದು ಮನೆಯ ಮಾತು. ವರ್ಣಮಾಲೆಯ ಪುಸ್ತಕಗಳಲ್ಲಿ ಹಸು, ಮೊಟ್ಟೆ, ಈರುಳ್ಳಿ ಇರುತ್ತವೆ. ಈ ಸೀಮೆಯ ಮಗು ಮನೆಯಲ್ಲಿ ಕೇಳಿದ್ದು ಆಕಳು, ತತ್ತಿ, ಉಳ್ಳಾಗಡ್ಡಿ. ಮಗು ಚಿತ್ರ ನೋಡಿ ‘ತತ್ತಿ’ ಎಂದಾಗ ‘ತಪ್ಪು, ಮೊಟ್ಟೆ’ ಎಂದು ತಿದ್ದಿದರೆ ಪುಸ್ತಕದ ಲೋಕ ಬೇರೆ, ತನ್ನ ಮನೆ ಬೇರೆ ಎಂಬ ಮೊದಲ ಪಾಠವನ್ನು ಅದು ಕಲಿಯುತ್ತದೆ. ಎರಡೂ ಸರಿ ಎಂದರೆ ಒಂದಕ್ಕೆ ಎರಡು ಪದ ಸಿಕ್ಕಿದ ಸಿರಿವಂತಿಕೆ ಅದರದಾಗುತ್ತದೆ. ತಾಂಡಾದ ಲಂಬಾಣಿ ಮಗುವಿಗೂ, ದಖನಿ ಉರ್ದು ಆಡುವ ಮಗುವಿಗೂ ಇದೇ ಮಾತು. ಚಿತ್ರ ನೋಡಿ ಮೊದಲು ತನ್ನ ಭಾಷೆಯಲ್ಲಿ ಹೇಳಲಿ, ಕನ್ನಡದ ಪದ ಹಿಂದೆಯೇ ಬರುತ್ತದೆ.

ನಾಲ್ಕನೆಯದು ಪುಸ್ತಕದಲ್ಲಿ ಯಾರಿದ್ದಾರೆ ಎಂಬುದು. ಅಮ್ಮ ಯಾವಾಗಲೂ ಒಲೆಯ ಮುಂದೆ, ಅಪ್ಪ ಯಾವಾಗಲೂ ಕುರ್ಚಿಯ ಮೇಲೆ, ಎಲ್ಲರೂ ಬೆಳ್ಳಗೆ, ಮನೆ ಎಂದರೆ ಹುಲ್ಲುಹಾಸಿನ ಬಂಗಲೆ. ಇಂಥ ಪುಸ್ತಕದಲ್ಲಿ ಹತ್ತಿ ಬಿಡಿಸಲು ಹೋಗುವ ತಾಯಿಯ ಮಗು ತನ್ನನ್ನು ಎಲ್ಲಿ ಹುಡುಕಬೇಕು? ಕಾಣದ ಲೋಕವೂ ಬೇಕು, ಹಿಮವೂ ಬೇಕು, ಸಿಗಡಿಯೂ ಬೇಕು. ಆದರೆ ಕೊಳ್ಳುವ ನಾಲ್ಕು ಪುಸ್ತಕದಲ್ಲಿ ಒಂದರಲ್ಲಾದರೂ ತನ್ನಂಥ ಮಗು, ತನ್ನೂರಿನಂಥ ಊರು ಇರಬೇಕು.

ಐದನೆಯದು ಚಟುವಟಿಕೆ ಪುಸ್ತಕದ್ದು. ಗೆರೆಯೊಳಗೆ ಬಣ್ಣ ತುಂಬುವುದು, ಚುಕ್ಕಿ ಸೇರಿಸುವುದು ಬೆರಳಿಗೆ ಒಳ್ಳೆಯದೇ. ಪುಸ್ತಕವೆಲ್ಲ ಅದೇ ಆದರೆ ಮಗು ಮಾಡುವುದು ಇನ್ನೊಬ್ಬರು ಮುಗಿಸಿಟ್ಟ ಚಿತ್ರಕ್ಕೆ ಸುಣ್ಣ ಬಳಿಯುವ ಕೆಲಸ. ಮಡಿಸು, ಕತ್ತರಿಸು, ಹೋಲಿಸು, ಹುಡುಕು, ನೀನೇ ಬರೆ ಎಂದು ಖಾಲಿ ಜಾಗ ಬಿಟ್ಟ ಪುಸ್ತಕ ಮೇಲು. ಒಂದೇ ಸಲ ತುಂಬಿಸಿ ಎಸೆಯುವ ಪುಸ್ತಕಕ್ಕಿಂತ ಹುಣಸೆಬೀಜ, ಎಲೆ, ಬೆಂಕಿಪೆಟ್ಟಿಗೆಯಿಂದ ಮತ್ತೆ ಮತ್ತೆ ಆಡಿಸುವ ಪುಸ್ತಕ ಹೆಚ್ಚು ದಿನ ಬಾಳುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವಾಗ ಪುಸ್ತಕಕ್ಕೆ ತಂತಿಯ ಪಿನ್ನು ಸಡಿಲವಾಗಿದೆಯೇ, ಬಣ್ಣ ಒದ್ದೆ ಬೆರಳಿಗೆ ಹತ್ತುತ್ತದೆಯೇ ಎಂದೂ ನೋಡಬೇಕು. ಆ ವಯಸ್ಸಿನಲ್ಲಿ ಪುಸ್ತಕ ಮೊದಲು ಹೋಗುವುದು ಬಾಯಿಗೆ.

ಕೊಳ್ಳುವ ಶಕ್ತಿ ಇಲ್ಲದವರಿಗೆ ದಾರಿ ಮುಚ್ಚಿಲ್ಲ. 2020ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರುಮಾಡಿತು. ಈಗ ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿರುವ ಈ ಗ್ರಂಥಾಲಯಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರಪುಸ್ತಕಗಳು ಮಗುವಿನ ಕೈಗೆಟುಕುವ ಎತ್ತರದಲ್ಲಿವೆಯೇ, ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿವೆಯೇ? ಹರಿದುಹೋದೀತೆಂದು ಮುಚ್ಚಿಟ್ಟ ಮಕ್ಕಳ ಪುಸ್ತಕ ಇಲ್ಲದ್ದಕ್ಕೆ ಸಮ. ಅಂಟು ಹಚ್ಚಿ, ದಾರ ಹೊಲಿದು ಮತ್ತೆ ನಿಲ್ಲಿಸಿದ ಪುಸ್ತಕವೇ ಅಲ್ಲಿ ಓದು ನಡೆದಿದೆ ಎಂಬುದಕ್ಕೆ ಸಾಕ್ಷಿ.

ಮಕ್ಕಳಿಗಾಗಿ ಬರೆದ ಪಂಜೆಯವರನ್ನು ಕರೆಸಿ ಗೌರವಿಸಿದ ಊರು ರಾಯಚೂರು. ಆ ಗೌರವ ಪೂರ್ತಿಯಾಗುವುದು ದೇವದುರ್ಗದ, ಮಾನ್ವಿಯ ಹಳ್ಳಿಯ ಮನೆಗಳಲ್ಲಿ ಪಠ್ಯಪುಸ್ತಕಕ್ಕಿಂತ ಮೊದಲೇ ಒಂದು ಚಿತ್ರಪುಸ್ತಕ ಹೊಸ್ತಿಲು ದಾಟಿದಾಗ. ಅದನ್ನು ತೆರೆದು ತೋರಿಸಲು ಅಜ್ಜಿಗೆ ಅಕ್ಷರ ಬರಲೇಬೇಕೆಂದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ನೋಡು, ಇಲ್ಲಿ ಏನೈತಿ?’ ಎಂದು ಕೇಳಲು ಬಂದರೆ ಸಾಕು.